ಸಂಸ್ಥೆಯ ಲೆಕ್ಕದಲ್ಲಿ ಸಂಸಾರದ ಕಾರು

ದೊಡ್ಡ ಸೆಡಾನ್ ಕಾರಿನ ಹಿಂಬದಿಯ ಆಸನ ವೃದ್ಧ ತಂದೆತಾಯಿಗಳಿಗೆ ಹಿತಕರ. ಡಿಕ್ಕಿಯಲ್ಲಿ ಮದುವೆ ಪ್ರಯಾಣದ ಸಾಮಾನೆಲ್ಲ ಹಿಡಿಯುತ್ತದೆ. ರಸ್ತೆಯುಬ್ಬುಗಳಲ್ಲಿ ತಳ ಉಜ್ಜುವುದೊಂದು ಕಿರಿಕಿರಿ, ಇರಲಿ. ಆಕ್ಷೇಪವಿರುವುದು ಅದನ್ನು ಪಾಲುದಾರಿಕೆ ಸಂಸ್ಥೆಯ ಹೆಸರಿನಲ್ಲಿ ಕೊಳ್ಳುವ ರೂಢಿಗೆ. ನಾಲ್ಕು ಮೀಟರಿಗಿಂತ ಉದ್ದವಾದ ಪೆಟ್ರೋಲ್, ಡೀಸೆಲ್ ಕಾರುಗಳಿಗೆ 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಶೇ. 40. ಯಂತ್ರ ಕೊಂಡಾಗ ದೊರೆಯುವ ಇನ್‌ಪುಟ್ ತೆರಿಗೆ ಜಮೆ ಇಂತಹ ಕಾರಿಗೆ ದೊರೆಯದು. ವರ್ಷಕ್ಕೆ ಶೇ. 15ರ ಸವಕಳಿಯುಂಟೆಂಬ ಸಮಾಧಾನವೂ ಅರ್ಧ ಸತ್ಯ: ಮನೆಯ ಓಡಾಟದ ಪಾಲನ್ನು ತೆರಿಗೆ ಅಧಿಕಾರಿ ಅದರಿಂದ ಕಳೆಯಬಲ್ಲರು. ಸಾಲದ ಕಂತು ಮಾತ್ರ ದುಡಿಯುವ ಬಂಡವಾಳದಿಂದಲೇ ಹೋಗುತ್ತದೆ. ಬಾಕಿ ವಸೂಲಿಗೆ ತಿಂಗಳುಗಟ್ಟಲೆ ಕಾಯುವ ಸಣ್ಣ ಉದ್ಯಮಿಗೆ ಇದು ಸಲ್ಲದು. ಕಾರನ್ನು ಸ್ವಂತ ಆದಾಯದಿಂದ, ಸ್ವಂತ ಹೆಸರಿನಲ್ಲಿ ಕೊಳ್ಳಲಿ. ವ್ಯಾಪಾರದ ಓಡಾಟದ ವೆಚ್ಚವನ್ನಷ್ಟೇ ದಾಖಲೆಸಹಿತ ಸಂಸ್ಥೆಯಿಂದ ಪಡೆಯಲಿ.