ಆ ಗುಡ್ಡ ಖಾಲಿಯಿರಲಿಲ್ಲ

ಲಾಸ್ ಏಂಜಲೀಸ್ ಡಾಡ್ಜರ್ಸ್ ಬೇಸ್‌ಬಾಲ್ ತಂಡದ ಕುರಿತ ಕಳೆದ ಸಂಚಿಕೆಯ ಲೇಖನ, ಅದರ ಕ್ರೀಡಾಂಗಣ 'ಪಾಳುಬಿದ್ದ ಗುಡ್ಡದ ಮೇಲೆ' ಎದ್ದಿತು ಎನ್ನುತ್ತದೆ. ಇದು ಶುದ್ಧ ತಪ್ಪು. ಆ ಗುಡ್ಡದ ಪ್ರದೇಶವಾದ ಚಾವೆಜ್ ರವೀನ್‌ನಲ್ಲಿ ಪಾಲೊ ವರ್ಡೆ, ಲಾ ಲೋಮಾ, ಬಿಷಪ್ ಎಂಬ ಮೂರು ಕೇರಿಗಳಿದ್ದವು. ಹೆಚ್ಚಿನವರು ಮೆಕ್ಸಿಕನ್ ಮೂಲದವರು. ಅಲ್ಲಿ ಶಾಲೆಯಿತ್ತು, ಚರ್ಚ್ ಇತ್ತು, ಹಿತ್ತಲಲ್ಲಿ ತರಕಾರಿ ಬೆಳೆಯುತ್ತಿತ್ತು.

ಅವರನ್ನು ಎಬ್ಬಿಸಿದ್ದು ತಂಡವಲ್ಲ, ನಗರಾಡಳಿತ; ಇದನ್ನು ನ್ಯಾಯವಾಗಿಯೇ ಹೇಳಬೇಕು. 1950ರಲ್ಲಿ ಸರ್ಕಾರಿ ವಸತಿ ಯೋಜನೆಗೆಂದು ಜಾಗ ಖಾಲಿ ಮಾಡಿಸಿದರು, ಹೊಸ ಮನೆಗಳಲ್ಲಿ ನಿಮಗೇ ಮೊದಲ ಆದ್ಯತೆ ಎಂದು ಮಾತು ಕೊಟ್ಟರು. ಆ ಯೋಜನೆಯನ್ನು ವಿರೋಧಿಸಿದ ನಾರಿಸ್ ಪೌಲ್ಸನ್ 1953ರಲ್ಲಿ ಮೇಯರ್ ಆದರು, ಯೋಜನೆ ರದ್ದಾಯಿತು. ಜನರಿಗೆ ಜಾಗ ಮರಳಲಿಲ್ಲ. ಅದು ಬ್ರೂಕ್ಲಿನ್‌ನಿಂದ ತಂಡವನ್ನು ತಂದ ವಾಲ್ಟರ್ ಓಮ್ಯಾಲಿ ಕೈಸೇರಿತು. 1958ರ ಜನಮತದಲ್ಲಿ ಅಲ್ಪ ಅಂತರದಿಂದ ಒಪ್ಪಿಗೆಯೂ ಸಿಕ್ಕಿತು.

1959ರ ಮೇ 8ರಂದು, ಮನೆ ಬಿಡದೆ ಕೂತಿದ್ದ ಕುಟುಂಬದ ಹೆಣ್ಣುಮಗಳೊಬ್ಬಳನ್ನು ಪೊಲೀಸರು ಕೈಕಾಲು ಹಿಡಿದು ಹೊತ್ತು ಹೊರಹಾಕಿದರು. ಆ ಚಿತ್ರಗಳು ಇಂದಿಗೂ ಇವೆ. ಲೇಖಕರು ಒಮ್ಮೆ ನೋಡಬೇಕಿತ್ತು. 1981ರಲ್ಲಿ ತಂಡದ ಮೆಕ್ಸಿಕನ್ ಪಿಚರ್ ಫರ್ನಾಂಡೊ ವಲೆಂಜುವೆಲಾ ಮೆಕ್ಸಿಕನ್ ಅಭಿಮಾನಿಗಳನ್ನು ಕ್ರೀಡಾಂಗಣಕ್ಕೆ ಸೆಳೆದದ್ದು ನಿಜ. ಆದರೆ ಅದನ್ನೇ ತೋರಿಸಿ 'ಹಳೆಯ ಗಾಯ ಮಾಗಿತು' ಎಂದು ತೀರ್ಪು ಕೊಡುವ ಹಕ್ಕು ಮನೆ ಕಳೆದುಕೊಂಡವರದು, ಲೇಖಕರದಲ್ಲ.