ಬಲಗಡೆನೂ ಸ್ವಲ್ಪ ಕೇಳಿ ಸಾರ್

ಕುತ್ತಿಗೆಯಲ್ಲಿ ಹೃದಯ ಬಡಿದುಕೊಳ್ಳುವ ಕರುವಿನ ವಿಡಿಯೋ ಬಂತೆಂದರೆ ಸಾಕು, ನಮ್ಮ ವಾಟ್ಸಾಪ್ ಗುಂಪಿನಲ್ಲಿ ಹಬ್ಬ. ಒಬ್ಬರಿಗೆ ದೇವರ ಪವಾಡ, ಇನ್ನೊಬ್ಬರಿಗೆ ಕಲಿಗಾಲದ ಲಕ್ಷಣ. ಎರಡೂ ಅಲ್ಲ ಸ್ವಾಮಿ! ಭ್ರೂಣದಲ್ಲಿ ಹೃದಯ ಮೊದಲು ಇರೋದೇ ಕುತ್ತಿಗೆಯ ಹತ್ತಿರ, ಆಮೇಲೆ ಎದೆಗೂಡಿಗೆ ಇಳಿಯಬೇಕು. ಇಳಿಯದೆ ಉಳಿದರೆ ಹೀಗಾಗುತ್ತೆ. ತೀರಾ ಅಪರೂಪ.

ನನ್ನ ತಕರಾರು ಬೇರೆ. ಈ ಕರು ನೋಡೋಕೆ ಊರೇ ಸೇರುತ್ತೆ, ಹೃದಯದೊಳಗೆ ತೂತಿಟ್ಟುಕೊಂಡು ಹುಟ್ಟಿದ ಕರುವನ್ನು ಯಾರೂ ತಿರುಗಿ ನೋಡಲ್ಲ. ಕರುಗಳ ಹುಟ್ಟು ಹೃದಯದೋಷಗಳಲ್ಲಿ ಹೆಚ್ಚಾಗಿ ಕಾಣಿಸೋದು ಇದೇ – ಎರಡು ಹೃತ್ಕುಕ್ಷಿಗಳ ನಡುವಿನ ಗೋಡೆಯಲ್ಲಿ ತೂತು. ಹುಟ್ಟಿದ ಮೇಲೆ ಶ್ವಾಸಕೋಶ ತೆರೆದುಕೊಂಡು ಬಲಗಡೆಯ ಒತ್ತಡ ಇಳಿಯುತ್ತೆ. ಆಗ ಎಡಗಡೆಯ ರಕ್ತ ಆ ತೂತಿನಿಂದ ಬಲಕ್ಕೆ ನುಗ್ಗಿ, ಮೈಗೆ ಹೋಗೋ ಬದಲು ಮತ್ತೆ ಶ್ವಾಸಕೋಶಕ್ಕೇ ಹೋಗುತ್ತೆ. ತೂತು ದೊಡ್ಡದಿದ್ದರೆ ಕರು ಏದುಸಿರು ಬಿಡುತ್ತೆ, ನಾಲ್ಕು ಗುಟುಕು ಹಾಲು ಕುಡಿಯುವಷ್ಟರಲ್ಲಿ ಸುಸ್ತು. ನೋಡಿದವರು ನ್ಯುಮೋನಿಯಾ ಅಂತಾರೆ. ಇಂಜೆಕ್ಷನ್ ಮೇಲೆ ಇಂಜೆಕ್ಷನ್ (ದುಡ್ಡು ರೈತನದು ತಾನೆ?).

ಸ್ಟೆತಾಸ್ಕೋಪನ್ನು ಎದೆಯ ಬಲಗಡೆಗೂ ಇಟ್ಟರೆ ಸಾಕು. ಈ ತೂತಿನ ಸದ್ದು ಸಾಮಾನ್ಯವಾಗಿ ಅಲ್ಲೇ ಜೋರು. ಕೊಟ್ಟಿಗೆಯಲ್ಲಿ ಹೃದಯದ ಆಪರೇಶನ್ ಆಗೋ ಮಾತಲ್ಲ, ಗೊತ್ತಾಗಿ ಏನು ಪ್ರಯೋಜನ ಅಂತೀರಾ? ಸುಮ್ಮನೆ ಚುಚ್ಚೋದಾದರೂ ನಿಲ್ಲುತ್ತೆ. ತೂತು ಚಿಕ್ಕದಿದ್ದರೆ ಬದುಕಿ ಬೆಳೆಯೋ ಕರುಗಳೂ ಉಂಟು, ಆದರೆ ಅದರಿಂದ ತಳಿ ಮುಂದುವರಿಸದೇ ಇರೋದು ಕ್ಷೇಮ.

ನಾನಿರೋ ಆಸ್ಟ್ರೇಲಿಯಾದಲ್ಲಿ ಪೋಲ್ ಹಿಯರ್‌ಫರ್ಡ್ ತಳಿಯ ಕೆಲವು ಕರುಗಳು ಗುಂಗುರು ಕೂದಲಿನೊಂದಿಗೆ ಹುಟ್ಟಿ, ಹೃದಯದ ಸ್ನಾಯು ಕೆಟ್ಟು, ಕೆಲವೇ ವಾರಗಳಲ್ಲಿ ಸಾಯುತ್ತಿದ್ದವು. ತೂತಿನ ಕಥೆಯಲ್ಲ ಅದು, ಬೇರೆ ಕಾಯಿಲೆ. ಆದರೆ ಸತ್ತ ಕರುಗಳನ್ನು ಹೂತು ಕೈತೊಳೆದುಕೊಳ್ಳದೆ, ಕೊಯ್ದು ನೋಡಿ, ವಂಶ ಹುಡುಕಿದ್ದರಿಂದಲೇ ಅದು ತಂದೆ ತಾಯಿ ಇಬ್ಬರಿಂದಲೂ ಬರೋ ದೋಷ ಅಂತ ತಿಳಿದದ್ದು. 2009ರಲ್ಲಿ ಅದರ ಜೀನೂ ಪ್ರಕಟವಾಯ್ತು.

ನಮ್ಮೂರಲ್ಲೂ ಈಗ ಕೃತಕ ಗರ್ಭಧಾರಣೆಯೇ ಜಾಸ್ತಿ, ಒಂದೊಂದು ಹೋರಿಗೆ ಸಾವಿರಾರು ಮಕ್ಕಳು. ಎಲ್ಲಾ ತೂತೂ ವಂಶದ್ದಲ್ಲ, ನಿಜ. ಆದರೆ ಒಂದೇ ಹೋರಿಯ ಮೂರು ಕರು ಮೂರು ಊರಲ್ಲಿ ಹೀಗೇ ಸತ್ತರೆ ಯಾರಿಗೆ ಗೊತ್ತಾಗಬೇಕು? ಸ್ಟ್ರಾ ಮೇಲೆ ಹೋರಿಯ ನಂಬರ್ ಇರುತ್ತೆ, ಹಸುವಿನ ಕಿವಿಯೋಲೆಯಲ್ಲಿ 12 ಅಂಕಿ. ಕರು ಸತ್ತ ದಿನ ಎರಡನ್ನೂ ಒಂದು ಕಡೆ ಬರೆದಿಟ್ಟು ಡಾಕ್ಟರ್‌ಗೆ ಕೊಡೋಕೆ ಏನು ಖರ್ಚು?

ಊರಲ್ಲಿ ದನ ಸಾಕಿರೋರು ಇದನ್ನ ಓದ್ತಿದ್ರೆ, ಮುಂದಿನ ಸಲ ಕರು ಏದುಸಿರು ಬಿಟ್ಟಾಗ "ಬಲಗಡೆನೂ ಸ್ವಲ್ಪ ಕೇಳಿ ಸಾರ್" ಅಂತ ಡಾಕ್ಟರ್‌ಗೆ ಹೇಳಿ ನೋಡಿ. ಬೈದರೆ ನನ್ನ ಹೆಸರು ಹೇಳಿ :-)