ತಿಳಿದು ಒಪ್ಪುವ ನುಡಿ

2016ರ ಸೆಪ್ಟೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ದೇವಿಕಾ ಬಿಸ್ವಾಸ್ ಪ್ರಕರಣದ ತೀರ್ಪನ್ನು ನೀಡಿತು. ಸಂತಾನ ನಿಲ್ಲಿಸುವ ಶಸ್ತ್ರಚಿಕಿತ್ಸೆಗೆ ಬಂದವರಿಗೆ ಅದರ ಸ್ವರೂಪವನ್ನೂ ಪರಿಣಾಮವನ್ನೂ ಅವರಿಗೆ ತಿಳಿಯುವ ಭಾಷೆಯಲ್ಲಿ ವಿವರಿಸಬೇಕು, ವಿವರಿಸಿದ ಮೇಲೆ ಯೋಚಿಸಲು ಸುಮಾರು ಒಂದು ಗಂಟೆಯ ಬಿಡುವು ಕೊಡಬೇಕು ಎಂದು ಅದು ಆದೇಶಿಸಿತು. ಆರೋಗ್ಯ ಇಲಾಖೆಯ ಕುರಿತಾದ ಈ ತೀರ್ಪಿನ ನಡುವೆ ಅಪ್ಪಟ ಭಾಷಾಪ್ರಶ್ನೆಯೊಂದಿದೆ. ಗಡಿನಾಡಿನ ಐಚ್ಛಿಕ ಕನ್ನಡ ವಿದ್ಯಾರ್ಥಿಗಳು ಅದನ್ನು ತಮ್ಮದೆಂದು ತಿಳಿಯಬೇಕು.

ಅಕ್ಕಲಕೋಟ, ಜತ್ತ, ದಕ್ಷಿಣ ಸೋಲಾಪುರ ತಾಲೂಕುಗಳ ಅನೇಕ ಹಳ್ಳಿಗಳಲ್ಲಿ ಮನೆಮಾತು ಕನ್ನಡ; ಸರಕಾರಿ ದವಾಖಾನೆಯ ಫಲಕವೂ ಅರ್ಜಿಯೂ ಮರಾಠಿ. ಸಂತೆಯ ವ್ಯವಹಾರಕ್ಕೆ ಸಾಲುವಷ್ಟು ಮರಾಠಿ ಹೆಚ್ಚಿನವರಿಗೆ ಬರುತ್ತದೆ. ಆದರೆ ಸಂತೆಯ ಮಾತು ಬೇರೆ, ಒಡಲಿನ ಮಾತು ಬೇರೆ. ಮುಟ್ಟು, ಬಸಿರು, ಹೆರಿಗೆ, ಬಾಣಂತನಗಳನ್ನು ತಾಯಿಯಿಂದ ಕನ್ನಡದಲ್ಲಿಯೇ ಕೇಳಿ ತಿಳಿದ ಸೊಸೆಯೊಬ್ಬಳು ‘ಕುಟುಂಬ ನಿಯೋಜನ’ದ ಕಾಗದಕ್ಕೆ ಹೆಬ್ಬೆಟ್ಟು ಒತ್ತುವಾಗ, ಅದರ ಅರ್ಥವನ್ನು ಗಂಡನೋ ಅತ್ತೆಯೋ ಹೇಳಿದಷ್ಟಕ್ಕೇ ತಿಳಿಯಬೇಕಾಗುತ್ತದೆ. ಹೇಳುವವರು ಬಿಟ್ಟದ್ದು ಅವಳ ಪಾಲಿಗೆ ಇಲ್ಲವೇ ಇಲ್ಲ.

ಬಿಟ್ಟುಹೋಗುವುದು ಅಲ್ಪವಲ್ಲ. ಕಾಪರ್-ಟಿಯನ್ನು ಬೇಡವೆಂದಾಗ ತೆಗೆಸಬಹುದು. ಅದರಲ್ಲಿ ಐದು ವರ್ಷದ್ದೂ ಹತ್ತು ವರ್ಷದ್ದೂ ಇವೆ. ‘ಅಂತರಾ’ ಮೂರು ತಿಂಗಳಿಗೊಮ್ಮೆ ಕೊಡುವ ಚುಚ್ಚುಮದ್ದು. ಲಖನೌದ ಪ್ರಯೋಗಾಲಯದಲ್ಲಿ ರೂಪುಗೊಂಡ, ಹಾರ್ಮೋನು ಇಲ್ಲದ ‘ಛಾಯಾ’ ಗುಳಿಗೆಯನ್ನು ಮೊದಲ ಮೂರು ತಿಂಗಳು ವಾರಕ್ಕೆರಡು ಬಾರಿ, ಆಮೇಲೆ ವಾರಕ್ಕೊಮ್ಮೆ ನುಂಗಬೇಕು. ನಿರೋಧವಂತೂ ಬಸಿರಿನ ಜೊತೆಗೆ ರೋಗವನ್ನೂ ತಡೆಯುತ್ತದೆ. ಇಷ್ಟೆಲ್ಲ ದಾರಿಗಳಿದ್ದರೂ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ, 15ರಿಂದ 49 ವಯಸ್ಸಿನ ವಿವಾಹಿತ ಸ್ತ್ರೀಯರಲ್ಲಿ ಶೇ. 37.9ರಷ್ಟು ಮಂದಿ ಸ್ವತಃ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು. ಗಂಡ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ದಂಪತಿಗಳು ಶೇ. 0.3 ಮಾತ್ರ. ಗಂಡಸಿನ ಶಸ್ತ್ರಚಿಕಿತ್ಸೆ ಹೆಂಗಸಿನದಕ್ಕಿಂತ ಸರಳವಾದದ್ದು ಎಂಬುದನ್ನು ನೆನೆದರೆ ಈ ಅಂತರ ಇನ್ನೂ ವಿಚಿತ್ರವಾಗಿ ಕಾಣುತ್ತದೆ.

ಈ ವಿಚಿತ್ರಕ್ಕೆ ಕಾರಣಗಳು ಹಲವು, ಮಾತೂ ಅವುಗಳಲ್ಲೊಂದು. ಮರಾಠಿಯ ‘ನಸಬಂದಿ’ಯಲ್ಲಿರುವ ‘ನಸ’ವನ್ನು ಹಳ್ಳಿಯ ಕನ್ನಡ ‘ನರ’ ಎಂದೇ ಕೇಳಿಸಿಕೊಳ್ಳುತ್ತದೆ. ನರ ಕಡಿದರೆ ಬಲ ಹೋಗದೆ ಇರುತ್ತದೆಯೇ ಎಂದು ರೈತನೊಬ್ಬ ಅಂಜಿದರೆ ಅವನನ್ನು ದಡ್ಡನೆನ್ನಲಾಗದು. ಕನ್ನಡದ ಆಡಳಿತ ಪದವಾದರೂ ಧೈರ್ಯ ಕೊಡುವಂಥದಲ್ಲ: ‘ಸಂತಾನಹರಣ’. ಹರಣವೆಂದರೆ ಸೀತೆಯ ಕಥೆ ನೆನಪಾಗುವ ನಾಡಿದು. ನಿಜದಲ್ಲಿ ಕತ್ತರಿಸಿ ಕಟ್ಟುವುದು ನರವನ್ನಲ್ಲ, ವೀರ್ಯಾಣು ಸಾಗುವ ನಾಳವನ್ನು. ಗಂಡಸುತನದ ಹಾರ್ಮೋನು ವೃಷಣದಿಂದ ನೇರವಾಗಿ ರಕ್ತಕ್ಕೆ ಸೇರುವುದರಿಂದ ಬಲವಾಗಲಿ ಬಯಕೆಯಾಗಲಿ ಕುಂದುವುದಿಲ್ಲ. ಆದರೆ ಫಲ ಆ ದಿನವೇ ಸಿಗದು. ಸುಮಾರು ಮೂರು ತಿಂಗಳು ಬೇರೆ ಸಾಧನ ಬಳಸಿ, ವೀರ್ಯಪರೀಕ್ಷೆ ಮಾಡಿಸಬೇಕು. ಇದನ್ನು ಹೇಳದೆ ಬಿಟ್ಟರೆ, ನಡುವೆ ಬಸಿರಾದ ಹೆಂಡತಿಯ ಶೀಲದ ಮೇಲೆ ಸಂಶಯ ಬೀಳುತ್ತದೆ. ಒಂದು ವಾಕ್ಯದ ಕೊರತೆಯಿಂದ ಒಂದು ಸಂಸಾರ ಮುರಿಯಬಹುದು.

ಒಳ್ಳೆಯ ಪದವೂ ಹುಟ್ಟಿದ್ದುಂಟು. ಗರ್ಭಕೋಶದಲ್ಲಿ ಇರಿಸುವ ಸಾಧನಕ್ಕೆ ಕನ್ನಡವು ತೋಳಿನ ಆಭರಣದ ಹೆಸರನ್ನಿತ್ತು ‘ವಂಕಿ’ ಎಂದಿತು. ಮರಾಠಿ ತಾಮ್ರದಿಂದ ‘ತಾಂಬಿ’ ಎಂದು ಕರೆಯಿತು. ಎರಡೂ ಹೆಣ್ಣುಮಕ್ಕಳ ಬಾಯಿಗೆ ಒಗ್ಗುವಂಥವು, ನಾಚಿಸದವು. ಅಂದಮೇಲೆ ಈ ವಿಷಯಕ್ಕೆ ಪದ ಸಿಗದೆಂಬ ನೆಪ ನಿಲ್ಲುವುದಿಲ್ಲ.

ಮರಾಠಿಯಲ್ಲಿ ಈ ಮಾತನ್ನು ಬಯಲಿಗೆ ತಂದವರು ರಘುನಾಥ ಧೋಂಡೋ ಕರ್ವೆ. ಗಣಿತದ ಪ್ರಾಧ್ಯಾಪಕರಾಗಿದ್ದ ಅವರು 1921ರಲ್ಲಿ ಮುಂಬಯಿಯಲ್ಲಿ ಸಂತತಿನಿಯಮನ ಕೇಂದ್ರ ತೆರೆದರು. ಇದೇ ಕಾರ್ಯಕ್ಕಾಗಿ ಅಧ್ಯಾಪಕ ವೃತ್ತಿ ಕಳೆದುಕೊಂಡರು. 1927ರಲ್ಲಿ ‘ಸಮಾಜಸ್ವಾಸ್ಥ್ಯ’ ಮಾಸಿಕ ಆರಂಭಿಸಿ, 1953ರಲ್ಲಿ ತೀರಿಕೊಳ್ಳುವವರೆಗೂ ನಡೆಸಿದರು. ಅಶ್ಲೀಲತೆಯ ಆರೋಪದ ಮೇಲೆ ನ್ಯಾಯಾಲಯಕ್ಕೆ ಹೋದಾಗ, 1934ರಲ್ಲಿ ಅವರ ಪರವಾಗಿ ವಾದಿಸಿದವರು ಡಾ. ಅಂಬೇಡ್ಕರ್. ಮೊಕದ್ದಮೆ ಸೋತಿತು, ಮಾಸಿಕ ನಿಲ್ಲಲಿಲ್ಲ. ಇತ್ತ ಮೈಸೂರು ಸಂಸ್ಥಾನ 1930ರಲ್ಲಿಯೇ ಸರಕಾರಿ ಸಂತಾನನಿಯಂತ್ರಣ ಚಿಕಿತ್ಸಾಲಯಗಳನ್ನು ತೆರೆಯಲು ಆಜ್ಞೆ ಹೊರಡಿಸಿತ್ತು. ಎರಡು ಭಾಷೆಗಳ ನಡುವೆ ಬದುಕುವ ವಿದ್ಯಾರ್ಥಿಗೆ ಈ ಎರಡೂ ಪರಂಪರೆಗಳು ಸ್ವಂತ ಆಸ್ತಿ.

ಇದು ಸಾಹಿತ್ಯದ ತರಗತಿಗೆ ಸಲ್ಲದ ವಿಷಯ, ವಿಜ್ಞಾನದವರ ಕೆಲಸ ಎಂಬ ಆಕ್ಷೇಪ ಬರುತ್ತದೆ. ಹಾಗೆನ್ನುವವರು ಶಾಸ್ತ್ರಸಾಹಿತ್ಯದ ಪಾಠವನ್ನು ಮತ್ತೊಮ್ಮೆ ತೆರೆಯುವುದೊಳಿತು. ಚಂದ್ರರಾಜನು ಹನ್ನೊಂದನೆಯ ಶತಮಾನದಲ್ಲಿ ‘ಮದನತಿಲಕ’ ಬರೆದ, ಮುಂದೆ ಕಲ್ಲರಸನು ‘ಜನವಶ್ಯ’ ಬರೆದ. ಹೆಸರು, ಕಾಲ, ಛಂದಸ್ಸನ್ನು ಪರೀಕ್ಷೆಗೆಂದು ಬಾಯಿಪಾಠ ಮಾಡಿ, ವಸ್ತುವನ್ನು ಮಾತ್ರ ಮುಚ್ಚಿಡುವುದು ಓದಲ್ಲ. ಇಪ್ಪತ್ತನೆಯ ಶತಮಾನದಲ್ಲಿ ವೈದ್ಯೆಯೂ ಕಾದಂಬರಿಕಾರ್ತಿಯೂ ಆದ ಅನುಪಮಾ ನಿರಂಜನರು ‘ಕೇಳು ಕಿಶೋರಿ’, ‘ತಾಯಿ-ಮಗು’, ‘ದಾಂಪತ್ಯ ದೀಪಿಕೆ’ಗಳಲ್ಲಿ ಈ ಅರಿವನ್ನು ತಿಳಿಗನ್ನಡದಲ್ಲಿ ಮನೆಮನೆಗೆ ಮುಟ್ಟಿಸಿದರು. ಅದನ್ನು ಬಿಟ್ಟು ಕನ್ನಡ ಸಾಹಿತ್ಯದ ಚರಿತ್ರೆ ಹೇಳಿದರೆ ಅದು ಅರ್ಧ ಚರಿತ್ರೆ.

ಇನ್ನೊಂದು ಶಂಕೆ ಹೆಚ್ಚು ಗಂಭೀರವಾದದ್ದು: ಕುಟುಂಬ ಯೋಜನೆಯ ಹೆಸರಿನಲ್ಲಿ ಬಲಾತ್ಕಾರ ನಡೆದಿಲ್ಲವೇ? ನಡೆದಿದೆ. ತುರ್ತುಪರಿಸ್ಥಿತಿಯ 1976–77ರಲ್ಲಿ 80 ಲಕ್ಷಕ್ಕೂ ಮಿಕ್ಕಿ ಶಸ್ತ್ರಚಿಕಿತ್ಸೆಗಳು ನಡೆದವು, ಅವುಗಳಲ್ಲಿ ಹೆಚ್ಚಿನವು ಗಂಡಸರವು. ಆ ಭೀತಿ ಇಂದಿಗೂ ಅಳಿದಿಲ್ಲ. ಆದರೆ ಬಲಾತ್ಕಾರಕ್ಕೆ ಮೌನ ಮದ್ದಲ್ಲ. ತಿಳಿದವಳನ್ನು ಒತ್ತಾಯಿಸುವುದು ಕಷ್ಟ. ತಿಳಿಯದವಳ ಹೆಬ್ಬೆಟ್ಟು ಯಾರ ಕೈಗಾದರೂ ಸಿಕ್ಕೀತು. ಕೂಸು ಗಂಡೋ ಹೆಣ್ಣೋ ಎಂಬುದು ತಂದೆಯ ವೀರ್ಯಾಣುವಿನಿಂದ ನಿರ್ಧಾರವಾಗುತ್ತದೆ ಎಂಬ ಒಂದೇ ಸಂಗತಿ ಮನೆಯವರಿಗೆಲ್ಲ ತಿಳಿದಿದ್ದರೆ, ಹೆಣ್ಣು ಹಡೆದಳೆಂದು ಬೈಗುಳ ತಿಂದ ಎಷ್ಟೋ ತಾಯಂದಿರ ಕಣ್ಣೀರು ಉಳಿಯುತ್ತಿತ್ತು.

ಆದುದರಿಂದ ವಿದ್ಯಾರ್ಥಿಗಳ ಮುಂದೆ ಅವರ ಶಾಸ್ತ್ರಕ್ಕೇ ಸೇರಿದ ಕೆಲಸವಿದೆ. ಬಸಿರು-ಬಾಣಂತನದ ಪದಗಳನ್ನು ಅಜ್ಜಿಯರಿಂದ ಸಂಗ್ರಹಿಸಲಿ. ದವಾಖಾನೆಯ ಮರಾಠಿ ಕರಪತ್ರಗಳನ್ನು ಆ ಪದಗಳಲ್ಲಿ ಅನುವಾದಿಸಿ, ಸಿಸ್ಟರ್ ಅಥವಾ ವೈದ್ಯರಿಂದ ತಿದ್ದಿಸಲಿ. ಹೆಣ್ಣುಮಕ್ಕಳು ಓದಿ ಹೇಳಬೇಕಾದಲ್ಲಿ ಹೆಣ್ಣುಮಕ್ಕಳು, ಗಂಡಸರಿಗೆ ಗಂಡುಹುಡುಗರು ಓದಿ ಹೇಳಲಿ. ಯಾರ ಮನೆಯ ಗುಟ್ಟನ್ನೂ ಕೇಳದಿರಲಿ. ಎಷ್ಟು ಮಕ್ಕಳು, ಯಾವಾಗ, ಯಾವ ಸಾಧನ ಎಂಬ ತೀರ್ಮಾನ ಆ ದಂಪತಿಗಳದು, ಅದರಲ್ಲಿಯೂ ಹೊರುವವಳದು. ಆ ತೀರ್ಮಾನಕ್ಕೆ ಬೇಕಾದ ಮಾತನ್ನು ಅವಳ ಭಾಷೆಯಲ್ಲಿ ಒದಗಿಸುವುದು ಕನ್ನಡ ಕಲಿತವರ ಹೊಣೆ.

ಗಡಿನಾಡಿನಲ್ಲಿ ಕನ್ನಡ ಉಳಿಯಬೇಕೆಂಬ ಭಾಷಣಗಳಿಗೆ ಬರವಿಲ್ಲ. ನವೆಂಬರದ ಧ್ವಜಕ್ಕಿಂತ, ಶಸ್ತ್ರಚಿಕಿತ್ಸೆಯ ಕೋಣೆಯ ಹೊರಗೆ ಬೆಂಚಿನ ಮೇಲೆ ಕುಳಿತವಳಿಗೆ ಸಿಗುವ ಆ ಒಂದು ಗಂಟೆಯಲ್ಲಿ ಕನ್ನಡ ಹೆಚ್ಚು ಬೇಕಾಗಿದೆ.